ಭೀಮಶಿ ಎರಡು ಸಲ ಅಂಗನವಾಡಿಗೆ ಹೋದದ್ದು

ಭೀಮಶಿ ಕುಳಿತು ಉಂಡದ್ದನ್ನು ಅವನ ಹೆಂಡತಿ ಭಾಗ್ಯಾ ನೋಡಿದ್ದು ಕಡಿಮೆ. ರೊಟ್ಟಿಯೊಳಗೇ ಪಲ್ಯ ಹಾಕಿಸಿಕೊಂಡು, ಸುರುಳಿ ಸುತ್ತಿ, ಹೊಸ್ತಿಲಲ್ಲಿ ನಿಂತು ತಿನ್ನುತ್ತಿದ್ದ. ಒಂದು ಕಣ್ಣು ಮುಗಿಲಿನ ಮೇಲೆ, ಇನ್ನೊಂದು ಫೋನಿನ ಮೇಲೆ. "ಯಾರರೆ ಬೆನ್ನ ಹತ್ಯಾರೇನ್ರಿ? ಕುಂತು ಉಣ್ರಿ" ಎಂದು ಆಕೆ ಅಂದರೆ, "ಗಾಳಿ ಎದ್ದೈತಿ ನೋಡು" ಅನ್ನುತ್ತಿದ್ದ. ಗಾಳಿ ಏಳದ ದಿನ, "ಏಳತೈತಿ ನೋಡು" ಅನ್ನುತ್ತಿದ್ದ.

ಅವನು ಲೈನ್‌ಮನ್. ಮನೋಳಿಯಿಂದ ಹೊಳೆಯ ದಂಡೆ ಹಿಡಿದು ಹೋದರೆ ಸಿಗುವ ನಾಲ್ಕೈದು ಸಣ್ಣ ಊರುಗಳ ಕಂಬ, ತಂತಿ, ಟಿ.ಸಿ. ಎಲ್ಲ ಅವನ ಪಾಲಿನವು. ಟ್ರಾನ್ಸ್‌ಫಾರ್ಮರಿಗೆ ಆ ಕಡೆಯವರು ಟಿ.ಸಿ. ಅಂತಲೇ ಅನ್ನುತ್ತಾರೆ. ಭೀಮಶಿ ಹುಟ್ಟಿದ್ದು ಹೂಲಿಯಲ್ಲಿ. ಸಣ್ಣವನಿದ್ದಾಗ ಏನು ಕಂಡರೂ ಏರುತ್ತಿದ್ದ: ಬೇವಿನ ಗಿಡ, ಬಣವೆ, ಊರ ಹೊರಗಿನ ಪಾಳುಬಿದ್ದ ಕಲ್ಲುಗುಡಿಯ ಮಾಳಿಗೆ. ಅಪ್ಪ ನೀಲಪ್ಪ ಮಂದಿಯ ಹೊಲಕ್ಕೆ ದುಡಿಯಲು ಹೋಗುತ್ತಿದ್ದ. ಊರಿನ ಎಷ್ಟೋ ಮನೆಗಳ ಕಟ್ಟೆ ದಾಟಿ ಒಳಗೆ ಕಾಲಿಟ್ಟವನಲ್ಲ. ಮಗ ಸವದತ್ತಿಯಲ್ಲಿ ಐಟಿಐ ಮುಗಿಸಿ ಕರೆಂಟಿನ ಕೆಲಸ ಹಿಡಿದಾಗ ಅದೇ ಮನೆಗಳವರು, ಮೀಟರು ಸುಟ್ಟಿತೆಂದು ಅವನನ್ನು ಪಡಸಾಲೆಯ ತನಕ ಕರೆದರು. ನೀಲಪ್ಪ ಇದನ್ನು ಸಾಯುವವರೆಗೂ ನೆನೆದು ನೆನೆದು ನಗುತ್ತಿದ್ದ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಭೀಮಶಿಗೆ ಜೋಡಿಯಾಗಿದ್ದವನು ಪರಶು. ಒಂದು ಮುಂಜಾನೆ ಲೈನ್ ಬಂದ್ ಮಾಡಿಸಿಕೊಂಡೇ ಇಬ್ಬರೂ ಅಕ್ಕಪಕ್ಕದ ಕಂಬ ಏರಿದ್ದರು. ಯಾವುದೋ ತೋಟದಲ್ಲಿ ಯಾರೋ ಜನರೇಟರ್ ಚಾಲೂ ಮಾಡಿದರು. ಅದರ ಕರೆಂಟು ತಿರುಗಿ ತಂತಿಗೆ ಹರಿದು ಬಂತು. ಪರಶು ಉಳಿದ, ಆದರೆ ಬಲಗೈ ಮೊಣಕೈಯವರೆಗೆ ಹೋಯಿತು. ಈಗ ಅವನು ಸಬ್‌ಸ್ಟೇಷನ್ನಿನಲ್ಲಿ ಕೂತು ಎಡಗೈಯಿಂದ ಫೋನ್ ಎತ್ತುತ್ತಾನೆ.

ಅಂದಿನಿಂದ ಭೀಮಶಿಗೆ ಕುಳಿತಲ್ಲಿ ಕುಳಿತಿರಲು ಆಗುತ್ತಿರಲಿಲ್ಲ. ಕಂಬದ ಬುಡದಲ್ಲಿ ನಿಂತಾಗ ಅಂಗೈ ತಣ್ಣಗಾಗುತ್ತಿತ್ತು, ನಾಲಿಗೆ ಒಣಗುತ್ತಿತ್ತು. ಮೇಲೇರಿ ಕೆಲಸ ಹಿಡಿದ ಮೇಲೆ ಎಲ್ಲ ಸರಿಹೋಗುತ್ತಿತ್ತು. ಇದನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ. ಭಾಗ್ಯಾ ಕೇಳಿದಾಗಲೆಲ್ಲ "ನನಗೇನ ಆಗತೈತಿ?" ಎಂದು ಬೈಕಿಗೆ ಕಿಕ್ ಹೊಡೆಯುತ್ತಿದ್ದ.

ಭಾಗ್ಯಾಳ ತವರು ಸುರೇಬಾನ. ಮದುವೆಯಾಗಿ ಬಂದ ಮೇಲೆ, ಇಬ್ಬರೂ ಮನೆ ಮಾಡಿದ್ದ ಹೊಳೆದಂಡೆಯ ಊರಿನ ಅಂಗನವಾಡಿಯಲ್ಲಿ ಟೀಚರ್ ಆದಳು. ಊರ ಮಕ್ಕಳಿಗೆಲ್ಲ ಆಕೆ ಅಕ್ಕಾರು. ಒಂದು ಬೇಸಿಗೆಯ ಆರಂಭದಲ್ಲಿ ಆಕೆ ಹೇಳಿಕೊಡಬೇಕಿದ್ದ ವಿಷಯ 'ನಮ್ಮ ಸಹಾಯಕರು'. ಗೋಡೆಗೆ ಹೊಸ ಚಾರ್ಟ್ ತೂಗುಬಿಟ್ಟಿದ್ದಳು: ಪೊಲೀಸ್, ಡಾಕ್ಟರ್, ಸೈನಿಕ, ಬೆಂಕಿ ಆರಿಸುವವರು. ಮಕ್ಕಳು ಚಿತ್ರ ನೋಡಿ ಹೆಸರು ಕೂಗಿದವು, ಆಮೇಲೆ ಆಕಳಿಸಿದವು. ಬೆಂಕಿ ಆರಿಸುವ ಕೆಂಪು ಗಾಡಿಯನ್ನು ಆ ಮಕ್ಕಳಲ್ಲಿ ಒಂದೂ ಕಂಡಿರಲಿಲ್ಲ.

ಆಗ ಆಕೆ ಚಾರ್ಟ್ ಬಿಟ್ಟು ಬೇರೆ ಕೇಳಿದಳು: "ನಿಮ್ಮ ಮನ್ಯಾಗ ಲೈಟ್ ಹೆಂಗ ಹತ್ತತೈತಿ?"

"ಬಟನ್ ಒತ್ತಿದ್ರ ಹತ್ತತೈತ್ರಿ" ಅಂದಳು ಮಾಲಾ. ಮಡಿವಾಳೆಪ್ಪನ ಮಗಳು, ಐದು ತುಂಬಿದ, ಯಾವ ಪ್ರಶ್ನೆಗೂ ಮೊದಲು ಬಾಯಿ ತೆಗೆಯುವ ಹುಡುಗಿ.

"ಲೈಟ್ ಹೋದ್ರ?"

"ನಮ್ಮಪ್ಪ ಬೈತಾನ್ರಿ."

"ಯಾರಿಗೆ ಬೈತಾರ?"

"ಭೀಮಶಿಗೆ!"

"ಏ, ಅಂವ ಅಕ್ಕಾರ ಗಂಡ ಅದಾನ" ಎಂದು ಪಕ್ಕದಲ್ಲಿದ್ದ ಸಂಜು ಮಾಲಾಳ ತೊಡೆ ಚಿವುಟಿದ.

ಭಾಗ್ಯಾ ನಕ್ಕಳು. ಆದರೆ ಆ ಮಾತು ಮನೆಯತನಕ ಜೊತೆಗೇ ಬಂತು. ಸಂಜೆ ಗಂಡನಿಗೆ ಹೇಳಿದಳು: "ನೀವೊಮ್ಮಿ ನಮ್ಮ ಅಂಗನವಾಡಿಗೆ ಬರ್ರಿ. ಹೆಲ್ಮೆಟ್ಟು, ಬೆಲ್ಟು ಎಲ್ಲಾ ತಗೊಂಡು ಬರ್ರಿ. ನೀವೇನ ಮಾಡತೀರಿ ಅಂತ ಹುಡುಗೂರಿಗೆ ಗೊತ್ತಾಗ್ಲಿ."

"ನಾ ಏನ ಸೈನಿಕನ? ಫ್ಯೂಜ್ ಹಾಕಾಂವ."

"ಅದನ್ನ ಹೇಳ್ರಿ."

ಇವತ್ತು ಲೈನ್ ತಪಾಸಣೆ, ನಾಳೆ ಸಾಹೇಬರು ಬರತಾರೆ ಎಂದು ಅವನು ಸರಿಯುತ್ತಲೇ ಹೋದ. ಕಡೆಗೆ ಒಂದು ಶನಿವಾರ ಅಂಗನವಾಡಿಯ ಮುಂದೆ ಹಾದುಹೋಗುವಾಗ ಭಾಗ್ಯಾ ಬೈಕಿಗೆ ಅಡ್ಡ ನಿಂತೇಬಿಟ್ಟಳು.

ಒಳಗೆ ಬಂದವನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲ ಬಳಿಯೇ ಆಚೀಚೆ ಕಾಲು ಬದಲಿಸಿದ. ಮಕ್ಕಳು ಬಿಡಲಿಲ್ಲ. ಹಳದಿ ಹೆಲ್ಮೆಟ್ ತಲೆಯಿಂದ ತಲೆಗೆ ಹೋಯಿತು. ರಬ್ಬರಿನ ಕೈಗವಸಿನೊಳಗೆ ಒಬ್ಬೊಬ್ಬರೂ ಮೊಣಕೈತನಕ ಕೈ ತೂರಿದರು. ಸ್ವಿಚ್ ಎಳೆಯುವ ಉದ್ದನೆಯ ಕೋಲನ್ನು ಆರು ಜನ ಸೇರಿ ಎತ್ತಿದರು.

"ಕಾಕಾ, ಮ್ಯಾಲ ನಿಂತ್ರ ನಮ್ಮ ಮನಿ ಕಾಣತೈತೇನು?"

"ಕಾಣತೈತಿ. ನಿಮ್ಮವ್ವ ಅರಬಿ ಒಣಗ ಹಾಕೂದೂ ಕಾಣತೈತಿ."

ಮಕ್ಕಳು ಹೋ ಎಂದು ನಕ್ಕವು. ಮಾಲಾ ನಗಲಿಲ್ಲ. "ಕಾಕಾ, ನಿನಗ ಅಂಜಿಕಿ ಬರೂದಿಲ್ಲ?"

ಭೀಮಶಿ ತಲೆ ಎತ್ತಿದಾಗ ಭಾಗ್ಯಾಳೂ ಅವನನ್ನೇ ನೋಡುತ್ತಿದ್ದಳು. ಅವನು ಎದೆ ಉಬ್ಬಿಸಿದ. "ನನಗ್ಯಾತರ ಅಂಜಿಕಿ? ಕರೆಂಟ ನನ್ನ ಕಂಡ್ರ ಅಂಜತೈತಿ!"

ಚಪ್ಪಾಳೆಯೋ ಚಪ್ಪಾಳೆ. ಮಾಲಾ ಬಾಯಿ ತೆರೆದು ನೋಡುತ್ತ ನಿಂತುಬಿಟ್ಟಳು.

ಅವನಿಗೆ ಅದು ಹಿಡಿಸಿತೆಂಬುದು ಸುಳ್ಳಲ್ಲ. ಊರಲ್ಲಿ ಅವನನ್ನು ಕಂಡರೆ ಮಂದಿಗೆ ಹೋದ ಕರೆಂಟೇ ನೆನಪಾಗುತ್ತಿತ್ತು. ಈಗ ಓಣಿಯಲ್ಲಿ ಬೈಕ್ ಹೋದರೆ ಮೂಗು ಸೋರುವ ಮಕ್ಕಳು ಸಾಲಾಗಿ ನಿಂತು ಸಲಾಂ ಹೊಡೆಯುತ್ತಿದ್ದವು. ಅಂಗನವಾಡಿಯಲ್ಲಿ ದಿನವೂ ಲೈನ್‌ಮನ್ ಆಟ. ಕಿಟಕಿಯ ಸರಳು ಏರುವುದು, ಕೋಲಿನಿಂದ ಇಲ್ಲದ ತಂತಿ ಮುಟ್ಟುವುದು, "ಬಂತು, ಬಂತು" ಎಂದು ಕೂಗುವುದು. ಭಾಗ್ಯಾ ಅದರ ಫೋಟೊ ತೆಗೆದು ಟೀಚರುಗಳ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಮೇಲ್ವಿಚಾರಕಿ ಅದಕ್ಕೆ ಮೆಚ್ಚುಗೆಯ ಹೆಬ್ಬೆರಳು ಒತ್ತಿದರು. "ನಮ್ಮ ಹುಡುಗೂರಿಗೆ ನೀವ ಹೀರೊ ಆಗೀರಿ" ಎಂದು ಆಕೆ ಗಂಡನಿಗೆ ಹೇಳಿದಳು. ಅವನು ನಕ್ಕ, ಮುಗಿಲು ನೋಡಿದ, ಹೊರಗೆ ಹೋದ.

ಮೇ ತಿಂಗಳ ಒಂದು ಮಧ್ಯಾಹ್ನ ಮುಂಗಾರಿಗೆ ಮೊದಲಿನ ಅಡ್ಡಮಳೆಯ ಮೋಡ ಕಟ್ಟುತ್ತಿತ್ತು. ಭೀಮಶಿ ಹೊಳೆಯ ಕಡೆಯಿಂದ ಊರಿಗೆ ಬರುತ್ತಿದ್ದ. ಊರ ಅಂಚಿನಲ್ಲಿ ಮಡಿವಾಳೆಪ್ಪನ ಮನೆ, ಅದರ ಹಿಂದೆ ಕಬ್ಬಿನ ಹೊಲದ ಬದುವಿಗೆ ಒಂದು ಟಿ.ಸಿ., ಸೊಂಟದೆತ್ತರದ ಕಲ್ಲುಕಟ್ಟೆಯ ಮೇಲೆ. ಸುತ್ತಲಿನ ತಂತಿಬೇಲಿಯನ್ನು ಯಾರೋ ಟ್ರ್ಯಾಕ್ಟರ್ ತಿರುಗಿಸುವಾಗ ಕೆಡವಿದ್ದರು. ಆ ಜಾಗದಲ್ಲಿ ಜಾಲಿ ಮುಳ್ಳು ಒಟ್ಟಿತ್ತು. ಮುಳ್ಳು ಈಗ ಒಂದು ಮಗ್ಗುಲಿಗೆ ಸರಿದಿತ್ತು.

ಕಟ್ಟೆಯ ಮೇಲೆ ಮಾಲಾ ನಿಂತಿದ್ದಳು. ತಲೆಯ ಮೇಲೆ ಅಲ್ಯುಮಿನಿಯಂ ಬೋಗುಣಿ. ಎರಡೂ ಕೈಯಲ್ಲಿ ಗರಿ ಸುಲಿದ ಹಸಿ ಕಬ್ಬು. ಅದನ್ನು ಮೆಲ್ಲಗೆ ತಂತಿಯತ್ತ ಎತ್ತುತ್ತಿದ್ದಳು.

ಭೀಮಶಿ ಬೈಕ್ ನಿಲ್ಲಿಸಿದ್ದು ಅವನಿಗೇ ತಿಳಿಯಲಿಲ್ಲ. ಬೈಕು ಬದುವಿಗೆ ಬಿತ್ತು. ಕೂಗಿದರೆ ಬೆಚ್ಚುತ್ತಾಳೆ. ಓಡಿದರೆ ತಿರುಗುತ್ತಾಳೆ, ತಿರುಗಿದರೆ ಕಬ್ಬೂ ತಿರುಗುತ್ತದೆ. ಅವನು ಫೋನ್ ಹೊರತೆಗೆದು ಸಬ್‌ಸ್ಟೇಷನ್ನಿಗೆ ಹಚ್ಚಿ ನಡೆಯತೊಡಗಿದ. ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ದನಿಯನ್ನು ಮಾತ್ರ ಆಫೀಸಿನಲ್ಲಿ ಮಾತಾಡುವ ಹಾಗೆ ಇಟ್ಟುಕೊಂಡ.

"ಹಲೋ, ಪರಶು ಅವರೇನ್ರಿ? ಇಲ್ಲೆ ನಮ್ಮ ಊರ ಟಿ.ಸಿ. ಮ್ಯಾಲ ಲೈನ್‌ಮನ್ ಮಾಲಾ ಅವರು ಕೆಲಸಕ್ಕ ನಿಂತಾರ. ಲೈನ್ ಕ್ಲಿಯರ್ ಬೇಕಾಗೈತ್ರಿ. ಈಗಿಂದೀಗ ಬೇಕ್ರಿ."

ಲೈನ್ ಕ್ಲಿಯರ್ ಅಂದರೆ, ಕರೆಂಟು ತೆಗೆದಿದ್ದೇವೆ, ಕೆಲಸ ಮಾಡಬಹುದು ಎಂದು ಸಬ್‌ಸ್ಟೇಷನ್ ಕೊಡುವ ಮಾತು. ಆ ಕಡೆ ಕುರ್ಚಿ ಉರುಳಿ ಬಿದ್ದ ಸಪ್ಪಳ, ಓಡುವ ಕಾಲಿನ ಸಪ್ಪಳ. ಪರಶು ಏನೂ ಕೇಳಲಿಲ್ಲ. ಅಂಥ ದನಿಯಲ್ಲಿ ಭೀಮಶಿ ಅವನಿಗೆ ಎಂದೂ 'ರೀ' ಅಂದವನಲ್ಲ.

ಮಾಲಾ ತನ್ನ ಹೆಸರು ಕೇಳಿ ಕತ್ತು ತಿರುಗಿಸಿದಳು. ಕಬ್ಬು ಅರ್ಧದಲ್ಲಿ ನಿಂತಿತು.

"ಮಾಲಾ ಅವರ, ಲೈನ್ ಕ್ಲಿಯರ್ ತಗೊಂಡೀರೇನ್ರಿ?"

"ಹಂಗಂದ್ರ?"

"ಅದು ಬರೂತನ ಯಾವ ಲೈನ್‌ಮನ್ನೂ ಕೆಲಸ ಮಾಡಂಗಿಲ್ಲ. ಕೋಲ ಕೆಳಗ ಒಗದು ಕೈ ಕಟಗೊಂಡು ನಿಂದರಬೇಕು. ನಾನೂ ಹಂಗ ನಿಂದರತೇನಿ, ನೋಡ್ರಿಲ್ಲೆ."

ಅವನು ಬದುವಿನ ಮೇಲೆ ಕೈಕಟ್ಟಿ ನಿಂತ. ಮಾಲಾ ಯೋಚಿಸಿದಳು. ಕಬ್ಬನ್ನು ಒಗೆಯಲು ಅವಳಿಗೆ ಮನಸ್ಸಿರಲಿಲ್ಲ. ಒಮ್ಮೆ ಅದನ್ನು, ಒಮ್ಮೆ ಅವನನ್ನು ನೋಡಿದಳು. ಆಮೇಲೆ ಅದು ಕೈಯಿಂದ ಜಾರಿ ಕಟ್ಟೆಯ ಕೆಳಗೆ ಬಿತ್ತು. ಅವಳು ಕೈ ಕಟ್ಟಿದಳು. ತಲೆಯಿಂದ ಒಂದು ಗೇಣು ಮೇಲೆ ತಂತಿ, ಪಕ್ಕದಲ್ಲೇ ಟಿ.ಸಿ. ಗುಂಯ್ ಅನ್ನುತ್ತಿತ್ತು.

"ಬಂತೇನ ಕಾಕಾ?"

"ಇನ್ನೂ ಇಲ್ಲ. ಅಪ್ಪನ ಹೆಸರ ಕೇಳಾಕತ್ತಾರ, ಹೇಳ್ರಿ."

"ಮಡಿವಾಳೆಪ್ಪ."

"ಆಯಿ ಹೆಸರು?"

"ಕೃಷ್ಣವ್ವಾಯಿ. ಈಗ ಬಂತೇನ?"

"ಅವಸರ ಮಾಡಂಗಿಲ್ರಿ, ಅವಸರ ಮಾಡಂಗಿಲ್ಲ."

ಗುಂಯ್ ನಿಂತಿತು. ಫೋನಿನಲ್ಲಿ ಪರಶು ಏದುಸಿರು ಬಿಡುತ್ತ "ತಗದೇವಿ, ಭೀಮಶಿ, ತಗದೇವಿ" ಅಂದ. ಭೀಮಶಿ ಮುಳ್ಳನ್ನು ತುಳಿದೇ ಓಡಿ ಹುಡುಗಿಯನ್ನು ಎರಡೂ ಕೈಯಲ್ಲಿ ಕಟ್ಟೆಯಿಂದ ಕಿತ್ತು ತಂದ. ಬೋಗುಣಿ ಉರುಳಿಕೊಂಡು ಹೋಯಿತು. ಹೊಲದಾಚೆ ತಂದು ಇಳಿಸಿದ. ತಾನೂ ಅಲ್ಲೇ ಮಣ್ಣಿನಲ್ಲಿ ಕೂತ. "ನಾ ಕೆಲಸನ ಮಾಡಲಿಲ್ಲ" ಎಂದು ಮಾಲಾ ಅಳತೊಡಗಿದಳು.

ಆಮೇಲೆ ಮಂದಿ ಸೇರಿದರು. ಮುದುಕಿ ಕೃಷ್ಣವ್ವ ಮೊಮ್ಮಗಳ ಮೈಯೆಲ್ಲ ಮುಟ್ಟಿ ಮುಟ್ಟಿ ನೋಡಿದಳು. ಭೀಮಶಿಯ ಕೈ ಹಿಡಿದು ಒಳಗೆ ಕರೆದೊಯ್ದು ತನ್ನ ಮನೆಯ ಲೋಟದಲ್ಲೇ ಚಹಾ ಕೊಟ್ಟಳು. ಮಡಿವಾಳೆಪ್ಪ ಮೊದಲು ಅವನನ್ನು ತಬ್ಬಿಕೊಂಡ, ಆಮೇಲೆ ನೆಟ್ಟಗೆ ಭಾಗ್ಯಾಳ ಬಳಿ ಹೋದ. "ಇಂಥಾದ್ದ ಕಲಸಾಕ ನಿಮ್ಮ ಕಡೆ ಕಳಸೇವೇನ್ರಿ ಹುಡುಗೂರನ್ನ? ನನ್ನ ಮಗಳು ಇನ್ನ ಬರೂದಿಲ್ಲ." ಆ ಕಡೆ ಪಂಚಾಯತಿಯವರು ಭೀಮಶಿಗೆ ಶಾಲು ಹೊದಿಸುವ ಮಾತಾಡುತ್ತಿದ್ದರು. ಅವನು ಬೈಕ್ ಎತ್ತಿ ನಿಲ್ಲಿಸಿ ಹೊಳೆಯ ಕಡೆ ಹೊರಟುಹೋದ.

ಮರುದಿನ ಒಂದು ಕಂಬದ ಬುಡದಲ್ಲಿ ನಿಂತವನಿಗೆ ಏರಲಾಗಲಿಲ್ಲ. ಅಂಗೈ ತಣ್ಣಗಾಯಿತು, ಆದರೆ ಎಂದಿನಂತೆ ಏರಿದರೆ ಹೋಗುವ ತಂಪಲ್ಲ. ಮೇಲೆ ನೋಡಿದರೆ ಕೈಕಟ್ಟಿ ನಿಂತ ಹುಡುಗಿಯೇ ಕಾಣುತ್ತಿದ್ದಳು. ಹಗ್ಗ ಮರೆತು ಬಂದೆನೆಂದು ಹೊಲದವನಿಗೆ ಹೇಳಿ ತಿರುಗಿದ. ಇನ್ನೊಂದು ಊರಲ್ಲಿ ಕೈಗವಸು ಹರಿದಿದೆ ಅಂದ. ಸುಮ್ಮನೆ ಬೈಕಿನ ಮೇಲೆ ಸವದತ್ತಿಯ ತನಕ ಹೋಗುತ್ತಿದ್ದ, ಒಂದು ಚಹಾ ಕುಡಿದು ವಾಪಸ್ ಬರುತ್ತಿದ್ದ. ಮನೆಗೆ ಬಂದರೆ ಅಂಗಳದಲ್ಲಿ ತಿರುಗಾಟ.

ಒಂದು ಸಂಜೆ ಭಾಗ್ಯಾ ಮಕ್ಕಳು ಬಿಡಿಸಿದ ಲೈನ್‌ಮನ್ ಚಿತ್ರಗಳನ್ನು ಅಂಗನವಾಡಿಯ ಗೋಡೆಯಿಂದ ತೆಗೆದು ಮನೆಗೆ ತಂದಿದ್ದಳು. ಅವನು ಅದನ್ನು ನೋಡಿ ನಿಂತ.

"ಯಾಕ ತಗದಿ?"

"ತಪ್ಪು ನಂದ ಅಲ್ರಿ? ನಾನ ಕರಕೊಂಡು ಬಂದಾಕಿ."

"ನೀ ಕರದಿ. ಸುಳ್ಳ ಹೇಳಿದಾಂವ ನಾನು." ಅವನು ಒಂದು ಚಿತ್ರ ಕೈಗೆತ್ತಿಕೊಂಡ. "ಅಂಜಿಕಿ ಬರೂದಿಲ್ಲ ಅಂದೆ. ಬರತೈತಿ ಭಾಗ್ಯಾ. ಪರಶೂಂದು ಆದಾಗಿಂದ ಒಂದೊಂದ ಕಂಬಕ್ಕೂ ಬರತೈತಿ. ಕರೆಂಟ ನನಗ ಅಂಜತೈತಿ ಅಂದ ಮ್ಯಾಲ ಆ ಹುಡುಗಿ ಏರದ ಏನ ಮಾಡೀತು?"

ಭಾಗ್ಯಾ ಸಮಾಧಾನ ಹೇಳುತ್ತಾಳೆ ಅಂದುಕೊಂಡಿದ್ದ. ಆಕೆಗೆ ಸಿಟ್ಟು ಬಂದಿತ್ತು.

"ಇಷ್ಟ ವರ್ಷ ನನಗ್ಯಾಕ ಹೇಳಲಿಲ್ಲ? ಗುಡುಗಿದ್ರ ಒಲಿ ಮುಂದ ಕುಂತಾಕಿ ಎದ್ದು ಬಾಗಲಕ್ಕ ಬರತೇನಿ. ನಿಮ್ಮ ಫೋನ್ ಹತ್ತದಿದ್ರ ಹುಡುಗೂರ ಮುಂದ ಹಾಡ ಹೇಳಕೋತ ಬೆವರತೇನಿ. ನೀವು ಅಂಜೂದಿಲ್ಲಂತ ಇಬ್ಬರದೂ ಅಂಜಿಕಿ ನಾ ಒಬ್ಬಾಕಿನ ಹೊತ್ತೇನಿ."

ಭೀಮಶಿ ಗೋಡೆಗೆ ಒರಗಿದ. "ಇನ್ನೊಮ್ಮಿ ಬರತೇನಿ ಅಂಗನವಾಡಿಗೆ" ಅಂದ. "ಪರಶೂನ್ನೂ ಕರಕೊಂಡು ಬರತೇನಿ. ಅವನ ಕೈ ನೋಡ್ಲಿ. ಅಂದ್ರ ಯಾವ ಹುಡುಗೂರೂ ಟಿ.ಸಿ. ಕಡೆ ಹಾಯೂದಿಲ್ಲ."

"ಬ್ಯಾಡ" ಅಂದಳು ಭಾಗ್ಯಾ. "ಮೂರು ವರ್ಷದ ಕೂಸು ಅದಾವ. ಅಂಜಿಸಿ ಕಳಸಿದ್ರ ಮನ್ಯಾಗ ಬಟನ್ ಒತ್ತಾಕೂ ಅಳತಾವ."

"ಅಂಜಲಿ. ಅಂಜಿದ್ರ ಬದುಕತಾವ."

"ನಿಮ್ಮಂಗ ಬದುಕಬೇಕೇನು? ಕುಂತಲ್ಲಿ ಕುಂದ್ರದಂಗ?"

ಅವನು ಚಪ್ಪಲಿ ಮೆಟ್ಟಿ ಹೊರಟುಹೋದ. ಆ ಜಗಳ ಎರಡು ಮೂರು ದಿನ ಮುಗಿಯಲಿಲ್ಲ. ಅದನ್ನು ಮುಗಿಸಿದ್ದು ಪರಶು. ಭೀಮಶಿ ಫೋನಿನಲ್ಲಿ ಎಲ್ಲ ಹೇಳಿದಾಗ ಅವನು, "ತಂಗಿ ಹೇಳೂದು ಖರೆ ಐತಿ. ನನ್ನ ಕೈ ತೋರಸಾಕ ನಾ ಬರೂದಿಲ್ಲ. ಆ ದಿನ ಫೋನ್ ಎತ್ತಿದಾಂವ ನಾನು. ಹುಡುಗೂರ ಆಟದಾಗ ಫೋನ್ ಎತ್ತಾಕ ಬೇಕಂದ್ರ ಬರತೇನಿ" ಅಂದ.

ಹಾಗಾಗಿ ಇಬ್ಬರೂ ಬಂದರು. ಮಾಲಾ ಇರಲಿಲ್ಲ, ಭಾಗ್ಯಾ ಬೆಳಿಗ್ಗೆ ಮಡಿವಾಳೆಪ್ಪನ ಮನೆಗೆ ಹೋಗಿ ಬೇಡಿಕೊಂಡಿದ್ದಳು, ಅವನು ಹೂಂ ಅಂದಿರಲಿಲ್ಲ. ಆದರೆ ಆಟ ಶುರುವಾಗುವಷ್ಟರಲ್ಲಿ ಕೃಷ್ಣವ್ವ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು ತಂದು ಬಾಗಿಲಲ್ಲಿ ಇಳಿಸಿದಳು. "ಅವರಪ್ಪ ಹೊಲಕ್ಕ ಹೋಗ್ಯಾನ" ಎಂದಷ್ಟೇ ಹೇಳಿ ತಾನೂ ಗೋಡೆಗೆ ಆನಿಕೊಂಡು ಕೂತಳು.

ಪರಶು ಕೂತಿದ್ದ. ಮಡಚಿದ ತೋಳಿನ ಅಂಗಿಯನ್ನು ಮಕ್ಕಳು ಮೊದಲ ಗಳಿಗೆಯಲ್ಲೇ ಕಂಡವು.

"ನಿನ್ನ ಕೈ ಎಲ್ಲೆ ಐತಿ?" ಅಂದ ಸಂಜು.

"ಕರೆಂಟ ಹತ್ತಿ ಹೋತು."

"ಬ್ಯಾನಿ ಆತೇನು?"

"ಆಗ ಆಗಿತ್ತು. ಈಗಿಲ್ಲ."

ಅಷ್ಟೇ. ಅವರು ಮುಂದೆ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮಾಲಾ ನೆಟ್ಟಗೆ ಭೀಮಶಿಯ ಮುಂದೆ ಬಂದು ನಿಂತಳು. "ಕಾಕಾ, ನಿನ್ನ ಕಂಡ್ರ ಕರೆಂಟ ಅಂಜತೈತಿ ಅಂದಿದ್ದಿ."

"ಸುಳ್ಳ ಹೇಳಿದ್ದೆವ್ವ. ಅದು ಯಾರಿಗೂ ಅಂಜೂದಿಲ್ಲ. ನಾನ ಅದಕ್ಕ ಅಂಜತೇನಿ. ದಿನಾ ಅಂಜತೇನಿ. ಅದಕ್ಕ ಮೊದಲ ಫೋನ್ ಮಾಡತೇನಿ, ಲೈನ್ ಕ್ಲಿಯರ್ ಬರೂತನ ಕೈ ಕಟಗೊಂಡು ನಿಂದರತೇನಿ."

ಮಕ್ಕಳು ಒಂದರ ಮುಖ ಒಂದು ನೋಡಿಕೊಂಡವು. ಆಮೇಲೆ ಸಂಜು, "ನನಗ ನಾಯಿ ಅಂದ್ರ ಅಂಜಿಕಿ" ಅಂದ. ಇನ್ನೊಂದು ಮಗು ತನಗೆ ಮಿಕ್ಸರಿನ ಸಪ್ಪಳದ ಅಂಜಿಕೆ ಅಂದಿತು. ಬಾವಿ, ಗಡ್ಡದ ಕಾಕಾ, ಸೂಜಿ, ಕತ್ತಲೆಯ ಬಚ್ಚಲು... ಎಲ್ಲವೂ ಒಮ್ಮೆಲೆ ಎದ್ದು ನಿಂತು ತಮ್ಮ ತಮ್ಮ ಅಂಜಿಕೆ ಕೂಗತೊಡಗಿದವು. ಕೃಷ್ಣವ್ವ ಮೂಲೆಯಿಂದ, "ನನಗ ರೋಡ್ ದಾಟೂದಂದ್ರ ಅಂಜಿಕಿ ನೋಡ್ರಿ" ಎಂದು ಸೇರಿಸಿದಳು.

ಆಮೇಲೆ ಆಟ. ಒಬ್ಬರು ಲೈನ್‌ಮನ್, ಪರಶು ಸಬ್‌ಸ್ಟೇಷನ್. ಫೋನ್ ಮಾಡಬೇಕು, ಹೆಸರು ಹೇಳಬೇಕು, ಕೈಕಟ್ಟಿ ನಿಲ್ಲಬೇಕು. ಪರಶು ಬೇಕೆಂತಲೇ ತಡಮಾಡುತ್ತಿದ್ದ. ಕಡೆಗೆ "ಲೈನ್ ಕ್ಲಿಯರ್" ಅಂದಾಗಲೂ ಮಕ್ಕಳು ಏರುವಂತಿರಲಿಲ್ಲ. "ದೊಡ್ಡ ಲೈನ್‌ಮನ್ ಬರ್ರಿ" ಎಂದು ಭೀಮಶಿಯನ್ನು ಕರೆಯಬೇಕು. ಈ ಕೊನೆಯ ನಿಯಮ ಭಾಗ್ಯಾ ಹಾಕಿದ್ದು. ಮಾಲಾಗೆ ಅದು ಸರಿಬರಲಿಲ್ಲ. ಮುಖ ಊದಿಸಿಕೊಂಡೇ ಕರೆದಳು.

ಟಿ.ಸಿ.ಗೆ ಹೊಸ ಬೇಲಿ ಬಂತು. ಅದಕ್ಕಾಗಿ ಭೀಮಶಿ ಪಂಚಾಯತಿಗೂ ಆಫೀಸಿಗೂ ತಿರುಗಿದ. ಶಾಲು ಹೊದಿಸಿಕೊಳ್ಳಲು ಮಾತ್ರ ಹೋಗಲಿಲ್ಲ. ಮಡಿವಾಳೆಪ್ಪ ಮಗಳನ್ನು ಮತ್ತೆ ಕಳಿಸಿದ, ಭಾಗ್ಯಾಳ ಜೊತೆ ಇನ್ನೂ ಮೊದಲಿನ ಹಾಗೆ ಮಾತಾಡುವುದಿಲ್ಲ. ಕರೆಂಟು ಹೋದರೆ ಊರು ಈಗಲೂ ಭೀಮಶಿಗೇ ಬೈಯುತ್ತದೆ. ಅವನು ಮತ್ತೆ ಕಂಬ ಏರಿದ. ಮೊದಮೊದಲು ಸಣ್ಣವು, ಆಮೇಲೆ ಎಲ್ಲವೂ. ಏರುವ ಮೊದಲು ಸಬ್‌ಸ್ಟೇಷನ್ನಿಗೆ ಒಂದು ಫೋನು, ಹೆಂಡತಿಗೆ ಒಂದು. "ಏರಾಕತ್ತೇನಿ" ಅನ್ನುತ್ತಾನೆ. ಇಳಿದ ಮೇಲೆ "ಇಳದೆ" ಅನ್ನುತ್ತಾನೆ. ನಡುವಿನ ಹೊತ್ತು ಭಾಗ್ಯಾ ಮಕ್ಕಳಿಗೆ ಹಾಡು ಹೇಳುತ್ತಾಳೆ, ಬೆವರುತ್ತಾಳೆ. ಆದರೆ ಅತ್ತ ಕಂಬದ ಮೇಲಿರುವವನೂ ಬೆವರುತ್ತಿದ್ದಾನೆಂದು ಈಗ ಆಕೆಗೆ ಗೊತ್ತು.

ಮೊನ್ನೆ ಹೀಗೆಯೇ ಫೋನ್ ಮಾಡಿದಾಗ ಆಕೆ, "ಇಲ್ಲೆ ಗಾಳಿ ಭಾಳ ಐತ್ರಿ. ಈಗ ಏರಬ್ಯಾಡ್ರಿ" ಅಂದಳು. ಭೀಮಶಿ ತಂತಿ ತೂಗುವುದನ್ನು ನೋಡಿದ. ಪಂಪಿಗೆ ಕರೆಂಟಿಲ್ಲದೆ ಕಾಯುತ್ತಿದ್ದ ಹೊಲದವನಿಗೆ, "ಗಾಳಿ ಇಳೀಲ್ರಿ, ನನಗ ಅಂಜಿಕಿ ಆಗತೈತಿ" ಅಂದ. ಹೊಲದವನು ಗೊಣಗುತ್ತ ಬದುವಿನ ಮೇಲೆ ಕೂತ. ಭೀಮಶಿ ಕೂಡಲಿಲ್ಲ. ಗಾಳಿ ಇಳಿಯುವವರೆಗೆ ಕಂಬದ ಸುತ್ತ ತಿರುಗುತ್ತಲೇ ಇದ್ದ, ಆಮೇಲೆ ಏರಿದ.